ಅಪ್ಪಟ ಕನ್ನಡದೋರು

ಜಂಗಮಕೋಟೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯಲ್ಲಿ ಇಬ್ಬರು ಕಿವುಡಿಯರಿದ್ದರು. ಇಬ್ಬರ ಕಿವಿಯೂ ನಿಮ್ಮ ನನ್ನ ಕಿವಿಗಿಂತ ಚುರುಕಾಗಿತ್ತು. ಅವರನ್ನು ಕಿವುಡಿಯರನ್ನಾಗಿ ಮಾಡಿದ್ದು ಒಂದು ಮಾತು. ಆ ಮಾತನ್ನು ನಮ್ಮ ಮನೆಯೊಳಗೆ ತಂದು ಹಾಕಿದವನು ದಲ್ಲಾಳಿ ಎರ್ರಪ್ಪ. ಇವತ್ತಿಗೂ ಯಾರಾದರೂ ಅವನನ್ನು ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದು 1957ನೇ ಇಸವಿ, ಆಷಾಢಕ್ಕೆ ಇನ್ನು ಮೂರು ದಿನವಿತ್ತು. ಕನ್ನಡದ ಸೀಮೆಗಳೆಲ್ಲ ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಮೊದಲು ನಮ್ಮ ಕಡೆ ಯಾರೂ ಯಾರನ್ನೂ "ನೀವು ಏನು" ಎಂದು ಕೇಳುತ್ತಿರಲಿಲ್ಲ. ಯಾವ ಊರು, ಯಾರ ಮನೆ, ಇಷ್ಟೇ. ನಮ್ಮೂರು ಆಂಧ್ರದ ಗಡಿಯ ಕಡೆ, ಮುರುಗಮಲ್ಲದಿಂದ ಎರಡು ಮೈಲಿ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ, ಸಂತೆಯಲ್ಲಿ ಎರಡೂ, ಜಗಳದಲ್ಲಿ ಯಾವುದು ಮೊದಲು ಬಾಯಿಗೆ ಬರುತ್ತದೋ ಅದು. ಎಮ್ಮೆಯನ್ನು ತೆಲುಗಿನಲ್ಲಿ ಕರೆಯುತ್ತಿದ್ದೆವು, ಶಾನುಭೋಗರನ್ನು ಕನ್ನಡದಲ್ಲಿ ಕರೆಯುತ್ತಿದ್ದೆವು. ಇಬ್ಬರೂ ತಮಗೆ ಮನಸ್ಸು ಬಂದಾಗ ಬರುತ್ತಿದ್ದರು.

'ಕನ್ನಡದೋರು' ಎಂಬ ಮಾತು ಇರಲಿಲ್ಲವೆಂದಲ್ಲ, ಇತ್ತು. ಆದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತೇವೆ. ನಮ್ಮವ್ವ ಮುನಿಗಂಗಮ್ಮನ ಪ್ರಕಾರ ಸಾರಿಗೆ ಬೆಲ್ಲ ಹಾಕುವವರೆಲ್ಲ ಕನ್ನಡದೋರು. ಅಪ್ಪನ ಪ್ರಕಾರ ಹಾಸಿಗೆ ಸುತ್ತಿಕೊಂಡು ವರ್ಗವಾಗಿ ಬಂದು, ಮೂರು ವರ್ಷಕ್ಕೆ ಹಾಸಿಗೆ ಸುತ್ತಿಕೊಂಡು ಹೋಗುವವರು ಕನ್ನಡದೋರು. ಮೇಷ್ಟ್ರು, ಪೋಸ್ಟ್ ಮಾಸ್ಟರು, ಅಮಲ್ದಾರರು, ಹೀಗೆ. ನಾನು ಚಿಂತಾಮಣಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಆ ನವೆಂಬರಿನಲ್ಲಿ ಬಾವುಟ ಹಾರಿಸಿ, ಎಲ್ಲರಿಗೂ ಎರಡೆರಡು ಪೆಪ್ಪರಮೆಂಟು ಕೊಟ್ಟು, "ಇವತ್ತಿನಿಂದ ನಾವೆಲ್ಲ ಒಂದೇ ಮನೆಯ ಕನ್ನಡಿಗರು" ಎಂದು ಹೆಡ್ಮೇಷ್ಟ್ರು ಹೇಳಿದರು. ನಾನು ಪೆಪ್ಪರಮೆಂಟು ತಿಂದು ಕನ್ನಡಿಗಳಾದೆ. ನನಗೇನೂ ಕಷ್ಟವಾಗಲಿಲ್ಲ.

ಕಷ್ಟವಿದ್ದದ್ದು ಬೇರೆ ಕಡೆ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಟ್ರೈನಿಂಗಿಗೆ ಹೋಗಿ ಮೇಷ್ಟ್ರಮ್ಮನಾಗಬೇಕು ಅನ್ನುವುದು ನನ್ನ ಆಸೆ. ಅಪ್ಪ ನರಸಿಂಹಪ್ಪನಿಗೆ ನನ್ನನ್ನು ಯಾರಿಗಾದರೂ ಕಟ್ಟಿ ಕೈ ತೊಳೆದುಕೊಳ್ಳುವ ಆಸೆ. ಕೈಗೆ ಸಿಗುವ ಹಾಗೆ ಕೂತಿದ್ದವನು ಅಮ್ಮನ ತಮ್ಮ ಕೋನಪ್ಪ. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಇದ್ದದ್ದೇ. ಕೋನಪ್ಪ ಮಾವ ಕೆಟ್ಟವನಲ್ಲ. ಆದರೆ ನಾನು ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಮೀಸೆ ಬಂದಿತ್ತು, ಮೂಗಿನಲ್ಲಿ ಸದಾ ನಸ್ಯ, ಜೊತೆಗೆ "ಹೆಣ್ಣು ಓದಿ ಯಾವ ಜಮೀನು ಉಳಬೇಕು?" ಎಂದು ಕೇಳುವ ಚಾಳಿ. ಆಷಾಢದೊಳಗೆ ಬೇರೆ ಗಂಡು ಕುದುರದಿದ್ದರೆ ಶ್ರಾವಣದಲ್ಲಿ ಕೋನಪ್ಪನೇ ಗಂಡು ಎಂದು ಅಪ್ಪ ಹೇಳಿಯಾಗಿತ್ತು.

ಹತ್ತು ದಿನ ಉಳಿದಿದೆ ಅನ್ನುವಾಗ ಎರ್ರಪ್ಪ ಬಂದ. ಅವನು ಎತ್ತಿನ ವ್ಯಾಪಾರ, ಮದುವೆ ಎರಡನ್ನೂ ಒಂದೇ ಬಾಯಲ್ಲಿ ಕುದುರಿಸುವವನು. ಜಂಗಮಕೋಟೆಯ ಆವಲಪ್ಪನವರ ಮಗ, ಶಿಡ್ಲಘಟ್ಟದಲ್ಲಿ ಗುಮಾಸ್ತೆ ಕೆಲಸ, ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ನಾಲ್ಕು ಹಸು. "ಹುಡುಗಿ ಟ್ರೈನಿಂಗಿಗೆ ಹೋಗ್ಲಿ ಅಂತಾನೆ ಹುಡುಗ" ಎಂದಾಗ ಬಾಗಿಲ ಹಿಂದಿದ್ದ ನನ್ನ ಎದೆ ಹಾರಿತು.

"ಆದ್ರೆ ಒಂದು ವಿಷ್ಯ ನರಸಿಂಹಪ್ಪ," ಎಂದು ಎರ್ರಪ್ಪ ದನಿ ತಗ್ಗಿಸಿದ. "ಅವ್ರು ಅಪ್ಪಟ ಕನ್ನಡದೋರು. ಹುಡುಗ ಸರ್ಕಾರಿ ಕೆಲಸದಲ್ಲಿದಾನೆ ನೋಡು. ತೆಲುಗೋರ ಮನೆ ಹೆಣ್ಣು ಬೇಡ ಅಂತಾರೆ."

"ನಾವೇನು ತೆಲುಗೋರಾ?" ಎಂದು ಅಪ್ಪ ಕೇಳಿದ. ತೆಲುಗಿನಲ್ಲಿ ಕೇಳಿದ.

"ಅದೇ ನಾನು ಅವ್ರಿಗೆ ಹೇಳಿದ್ದು, ನೀವೂ ಅಪ್ಪಟ ಕನ್ನಡದೋರೇ ಅಂತ. ಇನ್ನು ನನ್ನ ಮರ್ಯಾದೆ ನಿನ್ನ ಕೈಲಿದೆ" ಎಂದು ಎರ್ರಪ್ಪ ಎರಡು ಲೋಟ ಮಜ್ಜಿಗೆ ಕುಡಿದು ಎದ್ದು ಹೋದ.

ಆ ದಿನದಿಂದ ನಮ್ಮ ಮನೆಯಲ್ಲಿ ತೆಲುಗು ಬಂದ್. ಅಪ್ಪ ಮುರುಗಮಲ್ಲದ ಅಂಗಡಿಯಿಂದ ಹಳೆಯ ಪೇಪರುಗಳ ಕಟ್ಟು ತಂದು, ಕನ್ನಡದೋರು ಹೇಗೆ ಮಾತಾಡುತ್ತಾರೆಂದು ಗಟ್ಟಿಯಾಗಿ ಓದಿ ಕಲಿಯತೊಡಗಿದ. ಅಲ್ಲಪ್ಪ, ನಿನಗೆ ಕನ್ನಡ ಬರುತ್ತಲ್ಲ ಎಂದರೆ, "ನಂದು ಸಂತೆ ಕನ್ನಡ ಕಣಮ್ಮ, ಅಪ್ಪಟದ್ದು ಬೇರೆ ಇರುತ್ತೆ" ಎಂದ. ಅಮ್ಮ ಚಿಕ್ಕವೆಂಕಟಮ್ಮನಿಗೆ ಮಾತೇನೋ ಬರುತ್ತಿತ್ತು, ಆದರೆ ರಾಗಿ ಅಳೆಯುವಾಗ ಎಣಿಕೆ ಬಾಯಿಂದ ತೆಲುಗಿನಲ್ಲೇ ಬೀಳುತ್ತಿತ್ತು. ಅದಕ್ಕೇ ಅವಳಿಗೆ ನೆಂಟರೆದುರು ಏನನ್ನೂ ಎಣಿಸಬಾರದು ಎಂದು ಅಪ್ಪ ಅಪ್ಪಣೆ ಮಾಡಿದ. ನಾಯಿಗೆ ಕನ್ನಡದಲ್ಲಿ "ಹೋಗು" ಎಂದರೆ ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬರುತ್ತಿತ್ತು. ಅದನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದೆವು.

ಉಳಿದದ್ದು ಅವ್ವ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ನಾಯಿಯ ಹಾಗೆ ಕಟ್ಟಿಹಾಕುವಂತೆಯೂ ಇರಲಿಲ್ಲ. ಅಪ್ಪ ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ಅವಳ ಮುಂದೆ ಕೂತು, "ಅವರು ಬಂದಾಗ ನಿಂಗೆ ಕಿವಿ ಕೇಳಲ್ಲ ಅಂತ ಹೇಳ್ಬಿಡ್ತೀನಿ. ನೀನು ಸುಮ್ನೆ ಕೂತಿರಬೇಕು" ಎಂದ.

ಅವ್ವ ಎಲೆ ಅಡಿಕೆ ಅಗಿಯುತ್ತ ಅವನನ್ನೇ ನೋಡಿದಳು. "ಕಿವುಡಿ ಆದ್ರೆ ನಂಗೇನು ಕೊಡ್ತೀಯ?" ಎಂದು ತೆಲುಗಿನಲ್ಲಿ ಕೇಳಿದಳು. ಚೌಕಾಸಿಯಾಗಿ ಕೊನೆಗೆ ಎರಡು ಕಟ್ಟು ಹೊಗೆಸೊಪ್ಪಿಗೆ ಕುದುರಿತು.

ಗುರುವಾರ ಅವರು ಬಂದರು. ಮುರುಗಮಲ್ಲದಲ್ಲಿ ಬಸ್ಸಿಳಿದು ನಮ್ಮ ಗಾಡಿಯಲ್ಲೇ ಬಂದರು. ಮುಂದೆ ಎರ್ರಪ್ಪ, ಹಿಂದೆ ಕರಿಯ ಕೋಟು ತೊಟ್ಟ ಆವಲಪ್ಪ, ಅವರ ಹಿಂದೆ ಹುಡುಗ. ಹೆಸರು ವೆಂಕಟರವಣಪ್ಪ. ತೆಳ್ಳಗೆ, ಉದ್ದಕ್ಕೆ, ಜೇಬಿನಲ್ಲಿ ಪೆನ್ನು. ಅಡುಗೆಮನೆ ಬಾಗಿಲ ಸಂದಿಯಿಂದ ನೋಡಿದೆ, ಪರವಾಗಿಲ್ಲ ಅನ್ನಿಸಿತು. ಪರವಾಗಿಲ್ಲ ಏನು, ಚೆನ್ನಾಗಿಯೇ ಇದ್ದ. ಎಲ್ಲರ ಹಿಂದೆ ಒಂದು ಮುದುಕಿ ಕೋಲೂರಿಕೊಂಡು ಇಳಿದಳು.

"ನಮ್ಮ ತಾಯಿಯವರು, ಪೆದ್ದಮ್ಮನವರು" ಎಂದರು ಆವಲಪ್ಪ. "ಹೆಣ್ಣನ್ನು ತಾವೇ ನೋಡಬೇಕೆಂದು ಹಠ ಮಾಡಿ ಬಂದಿದ್ದಾರೆ. ಆದರೆ ಅವರಿಗೆ ಶ್ರವಣ ಶಕ್ತಿ ಇಲ್ಲ."

ಅಪ್ಪನ ಮುಖ ಅರಳಿತು. "ಓಹೋ! ನಮ್ಮ ತಾಯಿಯವರಿಗೂ ಶ್ರವಣ ಶಕ್ತಿ ಇಲ್ಲ!"

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು. ಕಿವುಡಿಯರಿಗೆ ನಡುಮನೆಯಲ್ಲಿ ಏನು ಕೆಲಸ ಎಂದು ಅಮ್ಮ ಇಬ್ಬರನ್ನೂ ಕೈ ಹಿಡಿದು ಅಡುಗೆಮನೆಯ ಹಿಂದಿನ ಪಡಸಾಲೆಗೆ ಕರೆದೊಯ್ದು ಚಾಪೆ ಹಾಕಿದಳು.

ನಡುಮನೆಯಲ್ಲಿ ಮಾತು ಶುರುವಾಯಿತು. ಆ ಮಾತನ್ನು ನೀವು ಕೇಳಬೇಕಿತ್ತು.

"ತಮ್ಮ ಪ್ರಯಾಣವು ಸುಖಕರವಾಗಿ ಜರುಗಿತೇ?" ಎಂದ ಅಪ್ಪ.

"ಸುಖಕರವಾಗಿ ಜರುಗಿತು" ಎಂದರು ಆವಲಪ್ಪ.

ಆಮೇಲೆ ಇಬ್ಬರೂ ನೆಲ ನೋಡಿದರು. ಇಬ್ಬರೂ ಒಕ್ಕಲು ಮಕ್ಕಳು. ಬೇರೆ ದಿನವಾಗಿದ್ದರೆ ಮಳೆ, ಹುಳು, ಸೊಪ್ಪು, ದನದ ಕಾಲುಬೇನೆ ಎಂದು ಮಧ್ಯಾಹ್ನದವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಅಪ್ಪ ಮತ್ತೆ ಧೈರ್ಯ ಮಾಡಿ, "ತಮ್ಮ ಪ್ರಾಂತ್ಯದಲ್ಲಿ ಮಳೆಯ ಪರಿಸ್ಥಿತಿ ಹೇಗಿದೆ?" ಎಂದ. ಆವಲಪ್ಪ ಬೆವರು ಒರೆಸಿಕೊಂಡು, "ಪರಿಶೀಲನೆಯಲ್ಲಿದೆ" ಎಂದರು. ಅವರೂ ಅದೇ ಪೇಪರನ್ನು ಓದಿಕೊಂಡು ಬಂದಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ. ಅಪ್ಪಟ ಕನ್ನಡದೋರು ಮಳೆಯನ್ನೂ ಪರಿಶೀಲಿಸುತ್ತಾರೇನೋ ಅಂದುಕೊಂಡೆ.

ನಾನು ಉಪ್ಪಿಟ್ಟು ತೆಗೆದುಕೊಂಡು ಹೋಗಬೇಕಿತ್ತು. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ, ಅಷ್ಟೇ. ಸಂಬಂಧ ಒಪ್ಪಿಗೆಯಾಗುವವರೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ. ಉಂಡರೆ ಒಪ್ಪಿದ ಹಾಗೆ, ಆಮೇಲೆ ಹಿಂದೆ ಸರಿಯುವಂತಿಲ್ಲ. ಹಾಗಾಗಿ ಎಷ್ಟೇ ಹಸಿವಾದರೂ ನೆಂಟರು ಮುದ್ದೆಯ ವಾಸನೆ ಕುಡಿದುಕೊಂಡು ಉಪ್ಪಿಟ್ಟು ತಿನ್ನಬೇಕು.

ತಟ್ಟೆ ತರಲು ಹಿಂದಿನ ಪಡಸಾಲೆಯ ಕಡೆ ಹೋದವಳು ಗೋಡೆಯ ಮರೆಯಲ್ಲೇ ನಿಂತೆ. ಚಾಪೆಯ ಮೇಲೆ ಪಿಸುಮಾತು ನಡೆಯುತ್ತಿತ್ತು.

"ನೀಕು ನಿಜಂಗಾ ಇನಪಡದಾ?" ನಿಂಗೆ ನಿಜವಾಗ್ಲೂ ಕೇಳಲ್ವಾ ಎಂದು ಕೇಳಿದ್ದು ಪೆದ್ದಮ್ಮ. ನಮ್ಮವ್ವನದೇ ತೆಲುಗು, ನಮ್ಮವ್ವನದೇ ರಾಗ.

"ನಾಕಾ? ಚೀಮ ನಡಿಸಿನಾ ಇನಪಡ್ತುಂದಿ" ಎಂದಳು ನಮ್ಮವ್ವ. ಇರುವೆ ನಡೆದರೂ ಕೇಳುತ್ತದಂತೆ.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆಮೇಲೆ ಅವರು ಆಡಿದ ಮಾತನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ.

"ನಮ್ಮೋರು ನೀವು ಅಪ್ಪಟ ಕನ್ನಡದೋರು ಅಂದ್ರಲ್ಲೇ" ಎಂದಳು ಪೆದ್ದಮ್ಮ. "ಅದಕ್ಕೇ ನನ್ನ ಬಾಯಿ ಹೊಲಿದು ಕರ್ಕೊಂಡು ಬಂದ್ರು."

"ನೀವು ಅಪ್ಪಟ ಅಂತ ನಮ್ಮೋನು ನನ್ನ ಬಾಯಿ ಹೊಲಿದ. ಎರಡು ಕಟ್ಟು ಹೊಗೆಸೊಪ್ಪಿಗೆ. ನಿಂಗೇನು ಕೊಟ್ರು?"

"ನಂಗೇನೂ ಕೊಡ್ಲಿಲ್ಲ!" ಎಂದು ಪೆದ್ದಮ್ಮ ನಿಜವಾಗಿ ನೊಂದುಕೊಂಡಳು. ಆಮೇಲೆ ಕೇಳಿದಳು, "ಹೌದು, ಈ ಕನ್ನಡದೋರು ಅಂದ್ರೆ ಯಾರೇ? ನಾನು ತಿರುಪತಿಗೆ ಹೋಗಿದ್ದೆ. ಬಾಯಿ ಬಿಟ್ಟ ತಕ್ಷಣ ಅಲ್ಲಿಯೋರು 'ಕನ್ನಡದೋಳು' ಅಂದು ನಕ್ಕರು. ಕಣ್ಣು ತೋರಿಸೋಕೆ ಬೆಂಗಳೂರಿಗೆ ಹೋದೆ. ಬರೋ ನಾಲ್ಕು ಕನ್ನಡದ ಮಾತು ಆಡಿದೆ. 'ತೆಲುಗಮ್ಮ' ಅಂದು ಅವ್ರೂ ನಕ್ಕರು."

"ನಂಗೂ ತಿರುಪತಿಯಲ್ಲಿ ಹಾಗೇ ಅಂದ್ರು!" ಎಂದು ನಮ್ಮವ್ವ ಚಾಪೆ ಮೇಲೆ ಮುಂದಕ್ಕೆ ಸರಿದಳು.

"ಹಂಗಾದ್ರೆ ನಾವು ಯಾರೇ?"

ನಮ್ಮವ್ವ ಅಡುಗೆಮನೆ ಕಡೆ ನೋಡಿದಳು. "ಹಸಿದೋರು. ಮುದ್ದೆ ಇದೆ, ಅವರೆಕಾಳಿನ ಹುಳಿ ಇದೆ. ಉಣ್ತೀಯಾ?"

ನಾನು ತಟ್ಟೆ ಹಿಡಿದುಕೊಂಡು ವಾಪಸು ಬಂದೆ. ಕಾಲು ನೆಲದ ಮೇಲಿರಲಿಲ್ಲ. ಎರ್ರಪ್ಪನ ವಿದ್ಯೆ ನನಗೆ ಪೂರ್ತಿ ಅರ್ಥವಾಗಿತ್ತು. ಎತ್ತು ಮಾರುವವನಿಗೆ ಕೊಳ್ಳುವವನು ದೊಡ್ಡ ಕುಳ ಎನ್ನುವುದು, ಕೊಳ್ಳುವವನಿಗೆ ಎತ್ತು ದೊಡ್ಡ ತಳಿ ಎನ್ನುವುದು. ಇಬ್ಬರೂ ತಾವು ಒಂದು ಮೆಟ್ಟಿಲು ಕೆಳಗೆ ಅಂದುಕೊಂಡರೆ ಯಾರೂ ತಕರಾರು ತೆಗೆಯುವುದಿಲ್ಲ. ನಮ್ಮ ವಿಷಯದಲ್ಲಿ ಅವನು 'ಕನ್ನಡದೋರು' ಎಂಬ ಮಾತನ್ನೇ ಮೆಟ್ಟಿಲು ಮಾಡಿಕೊಂಡಿದ್ದ. ನಾನು ಆಗಲೇ ಎಲ್ಲರೆದುರು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹದಿನೆಂಟು ವರ್ಷ, ಕೈಯಲ್ಲಿ ಇಂಥ ಗುಟ್ಟು, ಎದುರಿಗೆ ಜೇಬಿನಲ್ಲಿ ಪೆನ್ನಿಟ್ಟುಕೊಂಡು ಗಂಭೀರವಾಗಿ ಕೂತ ಹುಡುಗ. ಹೇಗೆ ಹೇಳಲಿ?

ನಾಲಿಗೆ ಉರಿದಾಗ ಇವನ ಬಾಯಲ್ಲಿ ಯಾವ ಭಾಷೆ ಬರುತ್ತದೋ ನೋಡೋಣ ಎಂದು ಅವನ ಉಪ್ಪಿಟ್ಟಿನ ಪಕ್ಕಕ್ಕೆ ಅಮ್ಮನ ಮೆಣಸಿನಕಾಯಿ ಉಪ್ಪಿನಕಾಯಿ ಎರಡು ಚಮಚ ಬಡಿಸಿದೆ. ಅದನ್ನು ನಮ್ಮ ಮನೆಯಲ್ಲಿ ಗಂಡಸರೂ ಬೆರಳಿನಲ್ಲಿ ಮುಟ್ಟಿ ನೆಕ್ಕುತ್ತಿದ್ದರು, ಅಷ್ಟೇ. ಅವನು ಮರ್ಯಾದೆಗೆ ಒಂದು ತುತ್ತು ತುಂಬಿಕೊಂಡ. ಕಿವಿ ಕೆಂಪಾಯಿತು, ಕಣ್ಣಿನಲ್ಲಿ ನೀರು ನಿಂತಿತು, ಬಾಯಿ ಅರ್ಧ ತೆರೆದು "ಅಮ್ಮ" ಎಂದು ಮುಂದಿನ ಅಕ್ಷರ ನುಂಗಿಕೊಂಡ. ನಾನು ತಟ್ಟೆ ಹಿಡಿದು ಕಾದೆ.

"ಅತ್ಯಂತ ಸ್ವಾದಿಷ್ಟವಾಗಿದೆ" ಎಂದ.

ನನಗೆ ಅವನ ಮೇಲೆ ಗೌರವವೇ ಬಂತು. ಇನ್ನೊಂದು ಚಮಚ ಹಾಕಿದೆ.

ಎಲ್ಲ ಸರಿಹೋಗುತ್ತಿತ್ತು. ಆವಲಪ್ಪ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ನಮಗೆ ಹೆಣ್ಣು ಸಮ್ಮತ" ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನಸ್ಯದ ಸೀನು ಕೇಳಿಸಿತು. ಕೋನಪ್ಪ ಮಾವ. ಯಾರೂ ಕರೆದಿರಲಿಲ್ಲ, ಅವನಿಗೆ ನಮ್ಮ ತಯಾರಿಯ ಸುದ್ದಿಯೆಲ್ಲ ಸಿಕ್ಕಿತ್ತು.

"ಏಂ ಬಾವಾ, ಬಾಗುಂಡಾವಾ? ಚುಟ್ಟಾಲು ಒಚ್ಚಿನಾರಂಟೆ!" ಏನು ಬಾವ, ಚೆನ್ನಾಗಿದೀಯಾ, ನೆಂಟರು ಬಂದಿದ್ದಾರಂತೆ ಎಂದು ಊರಿಗೆಲ್ಲ ಕೇಳುವ ಹಾಗೆ ತೆಲುಗಿನಲ್ಲಿ ಕೂಗಿದ. ಬೇಕೆಂದೇ ಕೂಗಿದ್ದು.

ಅಪ್ಪ ಅಲುಗಾಡಲಿಲ್ಲ. ಹದಿನೆಂಟು ವರ್ಷಕ್ಕೂ ಮೇಲ್ಪಟ್ಟು ತನ್ನ ಮನೆಯಲ್ಲಿ ಉಂಡ ಹೆಂಡತಿಯ ತಮ್ಮನನ್ನು ಅಪರಿಚಿತನ ಹಾಗೆ ನೋಡಿ, ಆವಲಪ್ಪನವರ ಕಡೆ ತಿರುಗಿ, "ಯಾರೋ ಆಂಧ್ರ ಪ್ರಾಂತ್ಯದವರು. ದಾರಿ ತಪ್ಪಿರಬಹುದು" ಎಂದ.

ಕೋನಪ್ಪ ಮಾವ ಒಳಗೆ ಬಂದು ಆವಲಪ್ಪನವರ ಎದುರು ನಿಂತ. ಆಮೇಲೆ ಕನ್ನಡದಲ್ಲೇ ಶುರುಮಾಡಿದ. "ಆಂಧ್ರದೋನಾ ನಾನು? ಸ್ವಾಮಿ, ಇವ್ರು ನನ್ನ ಅಕ್ಕನ ಗಂಡ. ಈ ಮನೇಲಿ ಬೆಕ್ಕು ಕೂಡ ತೆಲುಗಲ್ಲಿ ಮಿಯಾವ್ ಅನ್ನುತ್ತೆ. ಕೊಟ್ಟಿಗೇಲಿ ನಾಯಿ ಕಟ್ಟಿದಾರೆ, ಹೋಗಿ ಕನ್ನಡದಲ್ಲಿ ಮಾತಾಡ್ಸಿ ನೋಡಿ. ಇವ್ರಮ್ಮ ಕಿವುಡಿ ಅಂದ್ರಾ? ಆಯಮ್ಮಂಗೆ ನಾನು ಮನಸ್ಸಲ್ಲಿ ಬೈದದ್ದೂ ಕೇಳಿಸುತ್ತೆ. ಅಪ್ಪಟ ತೆಲುಗೋರು ಸ್ವಾಮಿ ಇವ್ರು!"

ಅಪ್ಪನ ಮುಖ ಬಾಡಿತು. ಎರ್ರಪ್ಪ ಸೂರಿನ ತೊಲೆ ಎಣಿಸತೊಡಗಿದ. ನನ್ನ ಎದುರಿಗೆ ಶ್ರಾವಣ ಕಾಣಿಸಿತು, ನಸ್ಯದ ಡಬ್ಬಿ ಕಾಣಿಸಿತು.

ಆದರೆ ಆ ಹೊತ್ತಿನಲ್ಲಿ ಎಲ್ಲರಿಗಿಂತ ಇಕ್ಕಟ್ಟಿಗೆ ಸಿಕ್ಕಿದವರು ಆವಲಪ್ಪ. ಗುಟ್ಟು ಗೊತ್ತಿದ್ದ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಪಾಪ, ಅವರಿಗೆ ಸಂಬಂಧ ಬೇಕಿತ್ತು, ನಾನು ಹಿಡಿಸಿದ್ದೆ, ಉಪ್ಪಿಟ್ಟೂ ಹಿಡಿಸಿತ್ತು. ಆದರೆ ಅಪ್ಪಟ ಕನ್ನಡದೋರು ಎಂದು ಹೇಳಿಕೊಂಡು ಬಂದಾಗಿತ್ತಲ್ಲ! ಅಪ್ಪಟ ಕನ್ನಡದೋರು ಈಗ ಏನು ಮಾಡುತ್ತಾರೆ? ಎದ್ದು ಹೋಗುತ್ತಾರೆ. ಅವರಿಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಗಿತ್ತು. ಕೊನೆಗೆ ಸಂಕಟದಿಂದ ಎದ್ದು ಕೋಟು ಸರಿಮಾಡಿಕೊಂಡು, "ನಮಗೆ ಅತೀವ ವಿಷಾದವಾಗಿದೆ. ತೆಲುಗರ ಮನೆಯ ಸಂಬಂಧ ನಮಗಾಗದು. ಅಮ್ಮಾ, ಏಳು, ಹೊರಡೋಣ!" ಎಂದು ಒಳಗೆ ಕೂಗಿದರು.

ಕಿವುಡಿಯನ್ನು ಕೂಗಿ ಕರೆದೆನೆಂದು ಅವರಿಗೆ ಹೊಳೆಯುವ ಮೊದಲೇ ಒಳಗಿನಿಂದ ಉತ್ತರ ಬಂತು.

"ಉಂಡ್ರಾ! ಸಂಗಟಿ ತಿಂಟಾ ಉಂಡಾ!"

ಸಂಗಟಿ ಅಂದರೆ ಮುದ್ದೆ. ತಾಳೋ, ಮುದ್ದೆ ಉಣ್ತಿದೀನಿ ಎಂದು ಪೆದ್ದಮ್ಮ ತುಂಬಿದ ಬಾಯಲ್ಲಿ ಅಪ್ಪಟ ತೆಲುಗಿನಲ್ಲಿ ಮಗನಿಗೆ ಗದರಿದ್ದಳು.

ಮೊದಲು ಎಚ್ಚರವಾದದ್ದು ಅಪ್ಪನಿಗೆ. "ಎಲಾ! ನೀವೂ ತೆಲುಗೋರಾ?" ಎಂದ, ತೆಲುಗಿನಲ್ಲಿ. "ಮೊದಲು ಮೋಸ ಮಾಡಿದ್ದು ನೀವು!" ಎಂದರು ಆವಲಪ್ಪ, ತೆಲುಗಿನಲ್ಲೇ. ಇಷ್ಟು ದಿನ ಕಟ್ಟೆ ಕಟ್ಟಿ ನಿಲ್ಲಿಸಿದ್ದ ನೀರು ಒಡೆದುಕೊಂಡಿತು. ಎಂಥ ಸರಾಗ, ಎಂಥ ಬೈಗುಳ! ಇಬ್ಬರೂ ಒಂದೇ ಬೈಗುಳ ಬಲ್ಲವರು, ಒಬ್ಬರು ಶುರುಮಾಡಿದ್ದನ್ನು ಇನ್ನೊಬ್ಬರು ಮುಗಿಸುತ್ತಿದ್ದರು. ಬೈದು ಬೈದು ಸುಸ್ತಾಗಿ ಇಬ್ಬರೂ ಎರ್ರಪ್ಪನ ಮೇಲೆ ತಿರುಗಿದರು.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ," ಎಂದ ಎರ್ರಪ್ಪ, ಮೆಲ್ಲಗೆ ಬಾಗಿಲ ಕಡೆ ಸರಿಯುತ್ತ. "ನಾನು ಹೇಳಿದ್ದು ಎರಡೇ."

"ಇಂಥ ಮೋಸದ ಸಂಬಂಧ ನಮಗ್ಯಾಕೆ ಬಾವ?" ಎಂದು ಕೋನಪ್ಪ ಮಾವ ಸಮಯ ನೋಡಿ ಅಪ್ಪನ ಹೆಗಲ ಮೇಲೆ ಕೈ ಹಾಕಿದ. ಅಪ್ಪ ಹೌದೆಂದು ತಲೆಯಾಡಿಸಿದ. ಆವಲಪ್ಪ ಚಪ್ಪಲಿ ಹುಡುಕತೊಡಗಿದರು. ಮರ್ಯಾದೆ ಹೋದ ಗಂಡಸರು ಮಾಡುವುದೇ ಹೀಗೆ, ಇದ್ದದ್ದನ್ನೂ ಒದ್ದು ಎದ್ದು ಹೋಗುತ್ತಾರೆ. ನಾನು ಕಂಬ ಹಿಡಿದು ನಿಂತಿದ್ದೆ.

ಆಗ ಪೆದ್ದಮ್ಮ ಹೊರಗೆ ಬಂದಳು. ಬಲಗೈ ಇನ್ನೂ ಎಂಜಲು, ಬೆರಳಲ್ಲಿ ಹುಳಿ. ಹಿಂದೆ ನಮ್ಮವ್ವ ನೀರಿನ ಚೊಂಬು ಹಿಡಿದಿದ್ದಳು.

"ಎಲ್ಲಿಗೆ ಹೊರಟೆ?" ಎಂದು ಪೆದ್ದಮ್ಮ ಮಗನನ್ನು ಕೇಳಿದಳು. "ನಾನು ಉಂಡಾಯ್ತು. ಎರಡು ಮುದ್ದೆ. ಹೆಣ್ಣಿನ ಮನೇಲಿ ಮುದ್ದೆ ಉಂಡು ಹಂಗೇ ಎದ್ದು ಹೋಗೋದನ್ನ ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ."

ಆವಲಪ್ಪ ಚಪ್ಪಲಿ ಬಿಟ್ಟು ಹಣೆ ಹಿಡಿದುಕೊಂಡು ಕೂತರು. "ವಯಸ್ಸಾದೋರು, ಗೊತ್ತಾಗದೆ ಉಂಡಿದಾರೆ, ಅದನ್ನ ಹಿಡ್ಕೊಬೇಡಿ" ಎಂದು ಕೋನಪ್ಪ ಮಾವ ಬಾಯಿ ಹಾಕಿದ.

ಪೆದ್ದಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಗೊತ್ತಿದ್ದೇ ಉಂಡೆ" ಎಂದಳು. ಆಮೇಲೆ ಅವಳ ದನಿ ಇಳಿಯಿತು. "ಹೋದ ವರ್ಷ ಈ ಮೊಮ್ಮಗನ ಆಫೀಸಿನಲ್ಲಿ ಯಾರೋ ಒಬ್ಬ 'ನೀನು ತೆಲುಗೋನಾ?' ಅಂದನಂತೆ. ಅವತ್ತಿಂದ ಮನೇಲಿ ಯಾರೂ ತೆಲುಗು ಆಡಬಾರದು ಅಂತ ಇವನು ಅಪ್ಪಣೆ ಮಾಡಿದ. ಬಂದೋರಿಗೆಲ್ಲ ನಾನು ಕಿವುಡಿ ಅಂದ್ರು. ಮೊದಮೊದಲು ಬಂದೋರ ಮುಂದೆ ಮಾತ್ರ. ಆಮೇಲೆ ಅವರಿಗೂ ಅದೇ ರೂಢಿಯಾಯ್ತು. ಬೆಳಿಗ್ಗೆ ಮುದ್ದೆ ತಟ್ಟೆ ಮುಂದಿಡ್ತಾರೆ, ಮಾತಿಲ್ಲ. ರಾತ್ರಿ ಹಾಸಿಗೆ ಹಾಸ್ತಾರೆ, ಮಾತಿಲ್ಲ. ಒಂದು ವರ್ಷ ಆಗ್ತಾ ಬಂತು. ಇವತ್ತು ನಿಮ್ಮ ಪಡಸಾಲೇಲಿ ಈ ಮುದುಕಿ ಜೊತೆ ಆಡಿದಷ್ಟು ಮಾತು ನಾನು ಈ ವರ್ಷವೆಲ್ಲ ಆಡಿಲ್ಲ."

ಪೆದ್ದಮ್ಮ ನನ್ನ ಹತ್ತಿರ ಬಂದು, ಎಂಜಲು ಕೈ ದೂರ ಹಿಡಿದು, ಎಡಗೈಯಲ್ಲಿ ನನ್ನ ಗಲ್ಲ ಎತ್ತಿದಳು. "ನಂಗೆ ಟ್ರೈನಿಂಗೂ ಗೊತ್ತಿಲ್ಲ, ಕನ್ನಡದೋರೂ ಗೊತ್ತಿಲ್ಲ. ನೀನು ಬಂದ್ರೆ ನನ್ನ ಹತ್ರ ಮಾತಾಡ್ತೀಯೇನಮ್ಮ?"

ನನಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ನಾವೂ ನಮ್ಮವ್ವನ ಬಾಯಿ ಮುಚ್ಚಿಸಿದ್ದೆವಲ್ಲ, ನಾಚಿಕೆಯೂ ಆಯಿತು. ನಾವು ಒಂದು ದಿನಕ್ಕೆ ಮುಚ್ಚಿಸಿದ್ದು, ಹೊಗೆಸೊಪ್ಪಾದರೂ ಕೊಟ್ಟಿದ್ದೆವು. ಇವನು ಒಂದು ವರ್ಷ ಮುಚ್ಚಿಸಿದ್ದ. ಯಾರೋ ಒಬ್ಬ ಏನೋ ಅಂದನೆಂದು ಮನೆಯ ಮುದುಕಿಯನ್ನು ಮಾತಿಲ್ಲದೆ ಕೂರಿಸಿದವನು ನಾಳೆ ನನಗೇನು ಮಾಡಿಯಾನು? ಹೂಂ ಅಂದರೆ ಟ್ರೈನಿಂಗು, ಮೇಷ್ಟ್ರಮ್ಮನ ಕೆಲಸ, ಎಲ್ಲ ಇತ್ತು. ಊಹೂಂ ಅಂದರೆ ಪಕ್ಕದಲ್ಲೇ ಮಾವ ನಸ್ಯದ ಡಬ್ಬಿ ತಟ್ಟುತ್ತಿದ್ದ. ಅಮ್ಮ ಬಾಗಿಲಿನಿಂದ ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಹೇಳುತ್ತಿದ್ದಳು.

"ನಾನು ಮಾತಾಡ್ತೀನಿ ಅವ್ವಾ" ಎಂದೆ, ತೆಲುಗಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಆದ್ರೆ ಮೊದಲು ನಿಮ್ಮ ಮೊಮ್ಮಗ ನಿಮ್ಮ ಹತ್ರ ಮಾತಾಡ್ಲಿ. ಇಲ್ಲೇ, ಈಗಲೇ, ನಾನು ಕೇಳಬೇಕು. ಇಲ್ಲದಿದ್ರೆ ನಂಗೆ ಈ ಗಂಡು ಬೇಡ. ಶ್ರಾವಣದಲ್ಲಿ ಮಾವನ್ನೇ ಕಟ್ಕೊಂಡು ದಿನಾ ಜಗಳ ಆಡ್ತೀನಿ."

"ರತ್ನಾ!" ಎಂದು ಅಪ್ಪ ಗದರಿದ. ನನ್ನ ಹೆಸರು ವೆಂಕಟರತ್ನಮ್ಮ, ಸಿಟ್ಟು ಬಂದಾಗ ಮಾತ್ರ ಅಪ್ಪ ಅದನ್ನು ಮೊಟಕು ಮಾಡುತ್ತಿದ್ದ.

ಹುಡುಗ ಎದ್ದು ನಿಂತ. ಕಿವಿ ಮೆಣಸಿನಕಾಯಿ ತಿಂದಾಗಿದ್ದಕ್ಕಿಂತ ಕೆಂಪಾಗಿತ್ತು. ನನ್ನನ್ನು ನೋಡಿದ, ನೆಲ ನೋಡಿದ, ಕೊನೆಗೆ ಅಜ್ಜಿಯ ಎಂಜಲು ಕೈ ನೋಡಿದ. ಒಂದು ವರ್ಷ ಮಾತು ಬಿಟ್ಟವರ ಹತ್ತಿರ ಮೊದಲ ಮಾತು ಏನೆಂದು ಆಡುವುದು?

"ಅವ್ವಾ..." ಎಂದ ಸಣ್ಣ ದನಿಯಲ್ಲಿ. "ಸಂಗಟಿ ಬಾಗುಂದಾ?"

ಮುದ್ದೆ ಚೆನ್ನಾಗಿತ್ತಾ ಎಂದು ಕೇಳಿದ್ದ. ಇಷ್ಟೇ.

ಪೆದ್ದಮ್ಮನ ಕಣ್ಣು ತುಂಬಿ ಬಂತು. ಆದರೆ ಮುದುಕಿ ಎಂಥ ಮುದುಕಿ! ಎಡಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಮೊಮ್ಮಗನ ಕಡೆ ಬಾಗಿದಳು.

"ಏಮಿ? ಇನಪಡಲೇದು. ಗಟ್ಟಿಗಾ ಚೆಪ್ಪು."

ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳು. ಅವನು ಗಟ್ಟಿಯಾಗಿ ಕೇಳಿದ. ಪೆದ್ದಮ್ಮ ಇಲ್ಲವೆಂದು ತಲೆಯಾಡಿಸಿದಳು. ನನಗೂ ಕೇಳಿಸಲಿಲ್ಲ ಎಂದು ಪಕ್ಕದಲ್ಲಿ ನಿಂತಿದ್ದ ನಮ್ಮವ್ವನೂ ಕಿವಿಗೆ ಕೈ ಇಟ್ಟುಕೊಂಡಳು. ಶಿಡ್ಲಘಟ್ಟದ ಗುಮಾಸ್ತರು ಪೆನ್ನಿನ ಜೇಬು ಹಿಡಿದುಕೊಂಡು, ಕಣ್ಣು ಮುಚ್ಚಿ, ಮೂರನೇ ಸಲ ಕೂಗಿದ್ದು ಬೀದಿಯ ಕೊನೆಯವರೆಗೂ ಹೋಯಿತು. ಅಕ್ಕಪಕ್ಕದವರು ಏನಾಯಿತೋ ಎಂದು ಬಾಗಿಲಿಗೆ ಬಂದು ನಿಂತರು. ಆಮೇಲೆ ನಾನು ಹೂಂ ಅಂದೆ.